ಹದಿನಾರು ನಟ್ಟು, ಹಳದಿ ಬೊಟ್ಟು

ರೇಡಿಯೇಟರ್ ಒಡೆಯಬಹುದಿತ್ತು. ಫ್ಯಾನ್ ಬೆಲ್ಟ್ ಹರಿಯಬಹುದಿತ್ತು. ಕ್ಲಚ್ ಪ್ಲೇಟ್ ಸುಟ್ಟು ವಾಸನೆ ಬರಬಹುದಿತ್ತು. ಟ್ಯಾಂಕಿನ ತಳದ ತುಕ್ಕು ಎದ್ದು ಕಾರ್ಬ್ಯುರೇಟರಿನ ಗಂಟಲಿಗೆ ಸಿಕ್ಕಿಕೊಳ್ಳಬಹುದಿತ್ತು. ಹಿಂದಿನ ಗಾಡಿ ಬಂದು ನಮಗೆ ಗುದ್ದಬಹುದಿತ್ತು, ಇಲ್ಲವೇ ಮುಂದಿನ ಗಾಡಿಗೆ ನಾವೇ ಹೋಗಿ ಗುದ್ದಬಹುದಿತ್ತು. ಕುರಿಹಿಂಡು ಟ್ರ್ಯಾಕಿಗೆ ನುಗ್ಗಬಹುದಿತ್ತು; ಕುರುಗೋಡಿನ ಗುಡ್ಡದ ಕೆಳಗೆ ಮೇಯುವ ಕುರಿಗಳಿಗೆ ರೇಸಿನ ನಿಯಮ ಯಾರು ಹೇಳಿರುತ್ತಾರೆ? ಈರಣ್ಣನ ಎಡಗಾಲು ಕ್ಲಚ್ಚಿನ ಮೇಲೇ ಮರಗಟ್ಟಬಹುದಿತ್ತು. ಅವನ ಮಗಳು ಪಾರ್ವತಿಗೆ ಹೆಲ್ಮೆಟ್ಟಿನೊಳಗೆ ಸೀನು ಬರಬಹುದಿತ್ತು. ನನಗೇ ಎದೆನೋವು ಬರಬಹುದಿತ್ತು. ಅಲ್ಲಿದ್ದ ಒಂದೇ ಆಂಬುಲೆನ್ಸು ನನ್ನನ್ನು ಹೊತ್ತು ಬಳ್ಳಾರಿಗೆ ಹೋದ ಮೇಲೆ ಬೇರೆ ಯಾರಿಗಾದರೂ ನಿಜವಾಗಿ ಪೆಟ್ಟಾಗಬಹುದಿತ್ತು.

ಇದನ್ನೆಲ್ಲ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದು ಅಂಗಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಪ್ರತಿಯೊಂದಕ್ಕೂ ಉಪಾಯ ಬರೆದಿದ್ದೆ. ಕುರಿಗಳ ಎದುರಿಗೆ ‘ಸೀಟಿ’ ಎಂದಿತ್ತು. ಒಂದನ್ನು ಮಾತ್ರ ಬರೆದಿರಲಿಲ್ಲ. ಬರೆಯಲು ಕೈ ಏಳಲಿಲ್ಲ.

ಚಕ್ರ ಕಳಚಬಹುದಿತ್ತು.

ಯಾಕೆ ಏಳಲಿಲ್ಲ ಎಂದು ಹೇಳಬೇಕಾದರೆ ರೇಸಿಗಿಂತ ಹದಿನಾರು ವರ್ಷ ಹಿಂದಕ್ಕೆ ಹೋಗಬೇಕು. ಮೆಕ್ಯಾನಿಕ್ ಕೆಲಸಕ್ಕೆ ಈಗ ಬರುತ್ತಿರುವ ಹುಡುಗ ಹುಡುಗಿಯರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಳ್ಳಾರಿಯ ಒಂದು ಖಾಸಗಿ ಬಸ್ ಕಂಪನಿಯ ಶೆಡ್ಡಿನಲ್ಲಿ ನಾನು ಮೂವತ್ತು ವರ್ಷ ದುಡಿದೆ. ಐವತ್ಮೂರಕ್ಕೆ ನನ್ನ ಸೊಂಟ ನನ್ನ ಪರವಾಗಿ ರಾಜೀನಾಮೆ ಕೊಟ್ಟಿತು. ಕಂಪನಿಯ ಹೆಸರು ಬೇಡ, ಅದೀಗ ಇಲ್ಲ. ಸಾಹುಕಾರರು ಬಸ್ಸುಗಳನ್ನು ಮಾರಿದರು. ಶೆಡ್ಡಿದ್ದ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿದೆ. ಗ್ರೀಸ್ ಗುಂಡಿ ಇದ್ದಲ್ಲಿ ಈಗ ಅಕ್ಷತೆ ಬೀಳುತ್ತದೆ.

ನನಗೆ ಕೆಲಸ ಕಲಿಸಿದವರು ಖಾಜಾ ಸಾಬ್. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರದೊಂದು ಕಟ್ಟಳೆ ಇತ್ತು. ಚಕ್ರದ ನಟ್ಟು ಬಿಗಿ ಮಾಡಿದವನು ಪ್ರತಿ ನಟ್ಟಿನ ತಲೆಗೂ ತನ್ನ ಬಣ್ಣದ ಒಂದು ಬೊಟ್ಟು ಇಡಬೇಕು. ಉಸ್ತಾದರದು ಹಸಿರು, ನನ್ನದು ಹಳದಿ. ಬಸ್ಸು ಗೇಟು ದಾಟುವಾಗ ಚಕ್ರ ನೋಡಿದರೆ ಸಾಕು, ಯಾರ ಕೈ ಎಂದು ತಿಳಿಯುತ್ತಿತ್ತು.

ಮೊದಲ ದಿನವೇ ಅವರು ಬಣ್ಣದ ಡಬ್ಬಿ ಕೈಗೆ ಕೊಟ್ಟು ಹೇಳಿದ್ದರು. “ನೋಡು ಬೇಟಾ, ಮೊದ್ಲು ಕೈ, ಆಮ್ಯಾಲೆ ಬಣ್ಣ. ಬೊಟ್ಟು ಅಂದ್ರ ಸಹಿ ಇದ್ದಂಗ. ಓದ್ಲಾರದ ಕಾಗದಕ್ಕ ಸಹಿ ಮಾಡ್ತೀಯೇನು?”

“ಇಲ್ಲ ಉಸ್ತಾದ್.”

“ಹಾಂ. ಮಾಡೋರು ಭಾಳ ಮಂದಿ ಅದಾರ. ನೀ ಮಾಡಬ್ಯಾಡ.”

ಈರಣ್ಣ ಕುರುಗೋಡಿನವನು, ನನ್ನ ವಯಸ್ಸಿನವನೇ. ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಹೋಗುವ ಬೆಳಗಿನ ಬಸ್ಸು ಅವನದು. ಅವನು ಎಂಥ ಡ್ರೈವರ್ ಎನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಒಂದು ಬೇಸಿಗೆಯಲ್ಲಿ ಹೊಸ ಬಸ್ಸೊಂದು ಎಡಕ್ಕೆ ಎಳೆಯುತ್ತದೆ ಎಂದು ದೂರು ಬಂತು. ಮೂರು ದಿನ ನಾವು ಅದರ ಕೆಳಗೇ ಮಲಗಿದೆವು. ಅಲೈನ್‌ಮೆಂಟ್ ನೋಡಿದೆವು, ಬ್ರೇಕ್ ಬಿಚ್ಚಿದೆವು, ಸ್ಪ್ರಿಂಗಿನ ಪಟ್ಟಾ ಬದಲಿಸಿದೆವು. ಮ್ಯಾನೇಜರ್ ಒಂದು ನಿಂಬೆಹಣ್ಣನ್ನೂ ಕಟ್ಟಿಸಿದರು. ಖಾಲಿ ಓಡಿಸಿದರೆ ನೆಟ್ಟಗೆ ಹೋಗುತ್ತದೆ, ಜನ ಹತ್ತಿದರೆ ಎಡಕ್ಕೆ ವಾಲುತ್ತದೆ. ನಾಲ್ಕನೆಯ ದಿನ ಈರಣ್ಣ ಅದನ್ನು ಸಿರುಗುಪ್ಪಕ್ಕೆ ಒಯ್ದು ತಂದು, ಇಳಿದು, ಬೀಡಿ ಹಚ್ಚಿದ.

“ಲೇ ಎರ್ರಿಸ್ವಾಮಿ, ಬಸ್ಸಿಗೇನೂ ರೋಗ ಇಲ್ಲಲೇ. ಸೂರ್ಯಗ ಐತಿ.”

“ಏನಂದಿ?”

“ಮುಂಜಾನಿ ಹೋಗಾಕ ಬಿಸ್ಲು ಬಲಕ್ಕ. ಸಂಜೀಕ ಬರಾಕನೂ ಬಲಕ್ಕ. ಮಂದಿ ಎಲ್ಲಾ ಎಡಕ್ಕ ಒತ್ತಿಕೊಂಡು ಕುಂದರ್ತಾರ. ನೀನು ಬಸ್ಸಿನ ಹೊಟ್ಟಿ ಕೊಯ್ಯಾಕ ಕುಂತಿ.”

ಬಲಗಡೆಯ ಕಿಟಕಿಗಳಿಗೆ ಪರದೆ ಹಾಕಿಸಿದೆವು. ಬಸ್ಸು ವಾಲುವುದು ನಿಂತಿತು. ಮ್ಯಾನೇಜರ್ ಮಾತ್ರ ಇದು ನಿಂಬೆಹಣ್ಣಿನ ಮಹಿಮೆ ಎಂದೇ ಕೊನೆಯವರೆಗೂ ನಂಬಿದ್ದರು.

ಇನ್ನು ನನ್ನ ತಪ್ಪಿನ ಮಾತು. ಬಡ್ತಿಯ ಮಾತು ಯಾರಾದರೂ ಬರೆಯುತ್ತಾರೆ. ಇದನ್ನು ನಾನೇ ಬರೆಯಬೇಕು.

ಹಬ್ಬದ ಸೀಜನ್ನಿನಲ್ಲಿ ಬೆಳಿಗ್ಗೆ ಐದಾರು ಬಸ್ಸು ಒಟ್ಟಿಗೆ ನಿಲ್ಲುತ್ತಿದ್ದವು. ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಬಣ್ಣದ ಕಡ್ಡಿ ಹಿಡಿಯುವುದು, ಕಡ್ಡಿ ಇಟ್ಟು ಮತ್ತೆ ಪಾನಾ ಹಿಡಿಯುವುದು. ಇದರಲ್ಲಿ ಹೊತ್ತು ಹೋಗುತ್ತದೆ, ಪಾನಾದ ಹಿಡಿಗೆಲ್ಲ ಬಣ್ಣ ಮೆತ್ತುತ್ತದೆ ಎಂದು ನಾನೊಂದು ಸುಧಾರಣೆ ತಂದೆ. ಎಂಟೂ ನಟ್ಟುಗಳನ್ನು ಬೆರಳಲ್ಲಿ ತಿರುವಿ ಕೂರಿಸಿ, ಮೊದಲೇ ಬೊಟ್ಟು ಇಟ್ಟುಬಿಡುವುದು, ಆಮೇಲೆ ಒಂದೇ ಉಸಿರಿಗೆ ಬಿಗಿಮಾಡುವುದು. ಕೆಲಸ ಬೇಗ ಮುಗಿಯುತ್ತಿತ್ತು. ಉಸ್ತಾದರಿಗೆ ಹೇಳಿರಲಿಲ್ಲ. ಒಳಗೊಳಗೇ ಹೆಮ್ಮೆ ಪಡುತ್ತಿದ್ದೆ. ಊರಿಗೆಲ್ಲ ಹೆದರುವ ನಾನು, ಹೆದರಬೇಕಾದ ಒಂದೇ ವಿಷಯದಲ್ಲಿ ಧೈರ್ಯವಂತನಾಗಿದ್ದೆ.

ಅಂದು ಈರಣ್ಣನ ಬಸ್ಸಿನ ಮುಂದಿನ ಎಡಚಕ್ರ. ಎಂಟು ಬೊಟ್ಟು ಇಟ್ಟೆ, ಎರಡು ನಟ್ಟು ಬಿಗಿಮಾಡಿದೆ. ಆಫೀಸಿನಿಂದ ಸಾಹುಕಾರರ ಕೂಗು ಬಂತು. “ಏಮಯ್ಯಾ ಎರ್ರಿಸ್ವಾಮಿ, ನಮ್ಮ ಕಾರಿನ ಹಾರ್ನ್ ಹೊಡಿವಲ್ದು, ಬಾ ಇಲ್ಲಿ!” ಹೋದೆ. ಹಾರ್ನಿನ ವೈರು ಬಿಟ್ಟಿತ್ತು, ಸೇರಿಸಿದೆ. ತಿರುಗಿ ಬಂದು ಚಕ್ರ ನೋಡಿದರೆ ಎಂಟು ಹಳದಿ ಬೊಟ್ಟು ನಗುತ್ತಿದ್ದವು. ನನ್ನ ಸಹಿಯನ್ನು ನಾನೇ ಓದಿ, ನಾನೇ ನಂಬಿ, ಜಾಕು ಇಳಿಸಿದೆ.

ಕುರುಗೋಡು ದಾಟಿ ಕಾಲುವೆ ಸೇತುವೆಯ ಹತ್ತಿರ ಚಕ್ರ ಕಳಚಿತು. ಈರಣ್ಣ ಮೈಯೆಲ್ಲ ಭಾರ ಹಾಕಿ ಸ್ಟಿಯರಿಂಗನ್ನು ಬಲಕ್ಕೆ ಹಿಡಿದದ್ದರಿಂದ ಬಸ್ಸು ಕಾಲುವೆಗೆ ಬೀಳದೆ ಗದ್ದೆಗೆ ಇಳಿಯಿತು. ಒಬ್ಬ ಅಜ್ಜಿಯ ಮುಂಗೈ ಮುರಿಯಿತು, ಉಳಿದವರಿಗೆ ತರಚು ಗಾಯ. ಈರಣ್ಣನ ಎಡಗಾಲು ಪೆಡಲುಗಳ ನಡುವೆ ಸಿಕ್ಕಿ ನುಜ್ಜಾಯಿತು.

ಉಸ್ತಾದ್ ಬಸ್ಸು ಬಿದ್ದಲ್ಲಿಂದ ರಸ್ತೆಗುಂಟ ಹಿಂದಕ್ಕೆ ನಡೆಯುತ್ತಾ ಬಂದು, ದಾರಿಯಲ್ಲಿ ಸಿಕ್ಕ ಐದು ನಟ್ಟುಗಳನ್ನು ಕರವಸ್ತ್ರದಲ್ಲಿ ಕಟ್ಟಿ ತಂದರು. ಮ್ಯಾನೇಜರ್ ಮೇಜಿನ ಮೇಲೆ ಬಿಚ್ಚಿಟ್ಟರು. ಐದಕ್ಕೂ ಹಳದಿ ಬೊಟ್ಟು ಇತ್ತು.

“ಬೊಟ್ಟು ಐತಿ, ಅಂದ್ಮ್ಯಾಲೆ ನಟ್ಟು ಬಿಗಿ ಇತ್ತು,” ಎಂದರು ಮ್ಯಾನೇಜರ್. “ಡ್ರೈವರ್ ಎಲ್ಲೋ ಗುಂಡಿಗೆ ಜೋರಾಗಿ ಬಡಿಸ್ಯಾನ. ಅತಿವೇಗ ಅಂತ ಬರ್ಕೋರಿ.”

ಹೀಗೆ ನನ್ನ ಬಣ್ಣ ಈರಣ್ಣನ ವಿರುದ್ಧ ಸಾಕ್ಷಿ ಹೇಳಿತು. ನಾನು ಅಲ್ಲೇ, ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆ ದಿನ ಬಿಡಲಿಲ್ಲ, ಮರುದಿನ ಬಿಡಲಿಲ್ಲ, ಹತ್ತು ದಿನ ಬಿಡಲಿಲ್ಲ. ಉಸ್ತಾದ್ ಏನೂ ಕೇಳಲಿಲ್ಲ. ದಿನಾ ಬೆಳಿಗ್ಗೆ ನನಗಿಂತ ಮೊದಲು ಬಂದು ಹಳದಿ ಡಬ್ಬಿಯನ್ನು ನನ್ನ ಟೂಲ್ ಬಾಕ್ಸಿನ ಮೇಲೆ ಇಟ್ಟಿರುತ್ತಿದ್ದರು, ಅಷ್ಟೇ. ಹನ್ನೊಂದನೆಯ ದಿನ ಡಬ್ಬಿ ಇಡುತ್ತಾ ಹೇಳಿದರು: “ಬಣ್ಣಕ್ಕ ಬಾಯಿಲ್ಲ ಬೇಟಾ. ಹಚ್ಚಿದಾಂವಗ ಐತಿ.”

ನೇರ ಸಾಹುಕಾರರ ಬಳಿ ಹೋಗಿ ಹೇಳಿದೆ. ಅವರು ಬಯ್ಯಲಿಲ್ಲ. “ಇಂಥಾ ಮಾತು ಹೊಟ್ಯಾಗ ಇಟ್ಕೊಂಡು ಹನ್ನೊಂದು ದಿನ ಹೆಂಗ ಉಂಡ್ಯೋ?” ಎಂದರು. ಉಂಡಿದ್ದೆ. ಒಂದು ದಿನ ಎರಡನೆಯ ಸಲ ಸಾರೂ ಹಾಕಿಸಿಕೊಂಡಿದ್ದೆ. ಇವತ್ತಿಗೂ ನನಗೆ ನಾಚಿಕೆ ಅದಕ್ಕೇ.

ಈರಣ್ಣನ ಮೇಲಿನ ಆರೋಪ ತೆಗೆದುಹಾಕಿದರು. ಆಸ್ಪತ್ರೆಗೆ ಹೋಗಿ ಅವನ ಮಂಚದ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ. ಅವನು ಗೋಡೆ ನೋಡುತ್ತಾ ಕೇಳಿಸಿಕೊಂಡ. ಮುಗಿದ ಮೇಲೆ “ಆತು. ಹೋಗ್ರಿ ಮೇಸ್ತ್ರಿ” ಎಂದ. ನಾನು ಶೆಡ್ಡಿಗೆ ಸೇರಿದಾಗಿನಿಂದ ನನ್ನನ್ನು ಲೇ ಎಂದು ಕರೆದವನು ಅವನು.

ಕಾಲು ಕೂಡಿತು, ಕುಂಟು ಉಳಿಯಿತು. ಅವನು ಬಸ್ಸಿಗೆ ಮರಳಲಿಲ್ಲ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಟೆಂಪೋ ಹಿಡಿದ. ಆ ಗಿರಣಿಯ ಗಾಡಿಗಳು ರಿಪೇರಿಗೆ ನಮ್ಮ ಶೆಡ್ಡಿಗೇ ಬರುತ್ತಿದ್ದವು. ಹಾಗಾಗಿ ತಿಂಗಳಿಗೊಮ್ಮೆಯಾದರೂ ನಾನು ಅವನ ಚಕ್ರ ಹಾಕಬೇಕಿತ್ತು. ಹಾಕುತ್ತಿದ್ದೆ. ಮೊದಲು ಕೈ, ಆಮೇಲೆ ಬಣ್ಣ. ಅವನು ಪಕ್ಕದಲ್ಲಿ ನಿಂತಿರುತ್ತಿದ್ದ. ನಾನು ಎದ್ದ ಮೇಲೆ ಪಾನಾ ತೆಗೆದುಕೊಂಡು, ಒಳ್ಳೆಯ ಕಾಲಿನ ಮೇಲೆ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು, ಒಂದೊಂದೇ ನಟ್ಟನ್ನು ತಾನೇ ಎಳೆದು ನೋಡುತ್ತಿದ್ದ. ಸಿಟ್ಟಿಲ್ಲ, ಕೊಂಕಿಲ್ಲ. ಮುಗಿಸಿ, ಪಾನಾ ಒರೆಸಿ ಕೊಟ್ಟು, “ಬರ್ತೀನ್ರಿ” ಎಂದು ಹೋಗುತ್ತಿದ್ದ. ನಾನು ಕೆಲಸ ಬಿಡುವವರೆಗೂ ಹೀಗೇ ನಡೆಯಿತು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕಾಲ ಬದಲಾಯಿತು. ಗಾಳಿಯ ಗನ್ನು ಬಂತು; ಬರ್ ಎಂದರೆ ನಟ್ಟು ಕೂತಿತು. ಅದರ ಹಿಂದೆಯೇ ಟಾರ್ಕ್ ರೆಂಚ್ ಬಂತು. ಬೇಕಾದಷ್ಟೇ ಬಿಗಿಯಾದಾಗ ‘ಟಕ್’ ಎನ್ನುತ್ತದೆ. ಒಳ್ಳೆಯ ಸಾಮಾನು, ಬಳಸಿರಿ. ಆದರೆ ರೆಂಚ್ ಟಕ್ ಎಂದಿತೇ ಇಲ್ಲವೇ ಎಂದು ಮನೆಗೆ ಹೋದ ಮೇಲೆ ಅನುಮಾನ ಬರದಂತೆ ಮಾಡುವ ಸಾಮಾನು ಇನ್ನೂ ಬಂದಿಲ್ಲ. ಸತ್ಯನಾರಾಯಣಪೇಟೆಯ ಮನೆಯಲ್ಲಿ ಊಟಕ್ಕೆ ಕೂತವನು ಎದ್ದು ಶೆಡ್ಡಿಗೆ ಹೋಗಿ ನೋಡಿ ಬಂದದ್ದು ಎಷ್ಟು ಸಲವೋ. ನನ್ನ ಹೆಂಡತಿ ಹೊನ್ನೂರಮ್ಮ ಹೇಳುತ್ತಿದ್ದಳು: “ಮಂದಿ ಗ್ಯಾಸು ಬಂದ್ ಮಾಡೀನೇನು ಅಂತ ಹೊಳ್ಳಿ ಬರ್ತಾರ. ನಮ್ಮನಿಯವ್ರು ಬಸ್ಸಿನ ಗಾಲಿ ನೋಡಾಕ ಹೋಗ್ತಾರ.”

ನಾನು ಕೆಲಸ ಬಿಟ್ಟ ಮರುವರ್ಷದ ಚಳಿಗಾಲದಲ್ಲಿ ಪಾರ್ವತಿ ಮನೆಗೆ ಬಂದಳು. ಸಿರುಗುಪ್ಪದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಅಪ್ಪನ ಟೆಂಪೋದಲ್ಲೇ ಡ್ರೈವಿಂಗ್ ಕಲಿತವಳು.

“ಮಾವ, ಕುರುಗೋಡಿನ ಹತ್ರ ಒಂದು ಕಾರ್ ರೇಸ್ ಮಾಡ್ತಾರ. ನಮ್ಮಂಥೋರಿಗೇ. ನಾನು, ಅಪ್ಪ ಓಡಸ್ತೀವಿ. ನೀವು ಮೇಸ್ತ್ರಿ ಆಗಿ ಬರ್ಬೇಕು.”

“ನಿಮ್ಮಪ್ಪ ಕರಿ ಅಂದನೇನು?”

“ಕರಿ ಅಂದಿಲ್ಲ. ಬ್ಯಾಡ ಅಂತಾನೂ ಅಂದಿಲ್ಲ.”

ಅದು ವೇಗದ ಪಂದ್ಯವಲ್ಲ, ತಾಳಿಕೆಯದು. ಗುಡ್ಡದ ಕೆಳಗಿನ ಬರಡು ಮೊರಂ ನೆಲದಲ್ಲಿ ಎರಡು ಕಿಲೋಮೀಟರಿನ ಒಂದು ಸುತ್ತು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ, ಆರು ತಾಸಿನಲ್ಲಿ ಯಾರು ಹೆಚ್ಚು ಸುತ್ತು ಹಾಕುತ್ತಾರೋ ಅವರು ಗೆದ್ದಂತೆ. ಡ್ರೈವರುಗಳು ಬದಲಾಗಬಹುದು, ಕಾರು ಬದಲಾಗುವಂತಿಲ್ಲ. ಆ ಕಾರೂ ಅಗ್ಗದ್ದೇ ಆಗಿರಬೇಕು. ಒಂದು ಒಳ್ಳೆಯ ಎಮ್ಮೆಯ ಬೆಲೆ ಮೀರಬಾರದು ಎಂದು ನಾನು ಅರ್ಥ ಮಾಡಿಕೊಂಡೆ. ಕಂಟೋನ್ಮೆಂಟಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಬೇವಿನ ಮರದ ಕೆಳಗೆ ಆರು ವರ್ಷದಿಂದ ನಿಂತಿದ್ದ ಸಣ್ಣ ಕಾರೊಂದು ಸಿಕ್ಕಿತು. ಬಾನೆಟ್ಟಿನೊಳಗೆ ಅಳಿಲು ಸಂಸಾರ ಹೂಡಿತ್ತು. ಎರಡು ತಿಂಗಳು ಕುರುಗೋಡಿನ ಈರಣ್ಣನ ಮನೆ ಮುಂದೆ ಅದನ್ನು ಬಿಚ್ಚಿ ಕಟ್ಟಿದೆ. ಒಳಗೆ ಪೈಪಿನ ಪಂಜರ, ಹೊಸ ಬೆಲ್ಟು, ಬೆಂಕಿ ಆರಿಸುವ ಡಬ್ಬಿ, ಎಲ್ಲವನ್ನೂ ನಿಯಮದಂತೆ ಹಾಕಿದೆವು. ಈರಣ್ಣ ಬೇಕಾದ್ದು ತಂದು ಕೊಡುತ್ತಿದ್ದ, ಚಹಾ ಕೊಡುತ್ತಿದ್ದ. ಮಾತು ಮಾತ್ರ ಅಳತೆಯಲ್ಲಿ.

ಒಮ್ಮೆ ಕೇಳಿದೆ, “ಈ ವಯಸ್ಸಿನಾಗ ರೇಸು ಯಾಕಪ್ಪಾ?”

“ಅವತ್ತಿನ ಟ್ರಿಪ್ಪು ಸಿರುಗುಪ್ಪ ಮುಟ್ಲಿಲ್ಲಲ್ರೀ,” ಎಂದ. “ಒಂದು ಗಾಡಿ ಕಡೀತನಕ ಮುಟ್ಟಬೇಕು. ನಾನರ ಮುಟ್ಟಸ್ಲಿ, ಅಕಿಯರ ಮುಟ್ಟಸ್ಲಿ.” ಹೇಳಿ, ಎಂದಿನಂತೆ ನನ್ನ ಕೈಯಿಂದ ಪಾನಾ ತೆಗೆದುಕೊಂಡು ಚಕ್ರದ ಬಳಿ ಕೂತ.

ಪಂದ್ಯದ ದಿನ ಹತ್ತೊಂಬತ್ತು ಕಾರು ನಿಂತಿದ್ದವು. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದೆವು. ಬಜ್ಜಿಯಿಂದ ಹೊಟ್ಟೆ ಕೆಡಬಹುದು ಎಂದು ಪಟ್ಟಿಗೆ ಸೇರಿಸಿದೆ. ನಾಲ್ಕು ಚಕ್ರ, ಹದಿನಾರು ನಟ್ಟು, ಹದಿನಾರು ಬೊಟ್ಟು. ಈರಣ್ಣ ಹದಿನಾರನ್ನೂ ಎಳೆದು ನೋಡಿದ ಮೇಲೆಯೇ ಸೀಟಿಗೆ ಏರಿದ. ಎರಡು ತಾಸು ಅವನು ಓಡಿಸಿದ. ಕೆಂಪು ಧೂಳಿನಲ್ಲಿ ಬೇರೆಯವರು ಒಬ್ಬರನ್ನೊಬ್ಬರು ಹಿಂದೆ ಹಾಕಲು ಹೋಗಿ ತಿರುವಿನಲ್ಲಿ ಜಾರುತ್ತಿದ್ದರೆ, ಅವನು ಸಿರುಗುಪ್ಪದ ಬಸ್ಸು ಓಡಿಸುವವನಂತೆ ಒಂದೇ ಸಮನೆ ಬರುತ್ತಿದ್ದ, ಹೋಗುತ್ತಿದ್ದ.

ಪಾರ್ವತಿ ಏರುವಾಗ ಮತ್ತೆ ಹದಿನಾರು ನಟ್ಟು ನೋಡಲು ಕೂತ. ಅವಳು ಹೆಲ್ಮೆಟ್ಟಿನೊಳಗಿಂದ ಕೂಗಿದಳು. “ಅಪ್ಪಾ, ಅವ್ರು ಎರಡು ಸುತ್ತು ಹಾಕಿ ಬಂದ್ರು, ನೀನಿನ್ನೂ ನಟ್ಟು ಎಣಸಾಕತ್ತಿ!”

“ಎಣಸಾಕತ್ತೀನಿ. ಸುಮ್ನ ಕುಂದ್ರು.”

ಮೂರನೆಯ ಸರದಿ ಅವನದು. ಕೊನೆಯ ಐವತ್ತು ನಿಮಿಷ ಮತ್ತೆ ಪಾರ್ವತಿಯದು ಎಂದು ಮೊದಲೇ ಗೊತ್ತು ಮಾಡಿದ್ದೆವು; ಅವನ ಕಾಲಿಗೆ ಅಷ್ಟೇ ಸಾಕು ಎಂದು ಅವನೇ ಹೇಳಿದ್ದ. ಆ ನಿಲುಗಡೆಯಲ್ಲಿ ಸವೆದ ಹಿಂದಿನ ಎಡಚಕ್ರ ಬದಲಿಸಬೇಕೆಂದೂ ಬರೆದಿಟ್ಟಿದ್ದೆ. ಎಲ್ಲ ಯೋಜನೆಯಂತೆಯೇ ನಡೆಯಿತು. ಈರಣ್ಣ ಇಳಿದ, ಪಾರ್ವತಿ ಕೂತಳು. ನಾನು ಜಾಕು ಎತ್ತಿ, ಚಕ್ರ ಬದಲಿಸಿ, ಹೊಸ ನಟ್ಟುಗಳನ್ನು ಕೂರಿಸಿ, ರೆಂಚ್ ಹಾಕಿ ಬಿಗಿಮಾಡಿ, ಬೊಟ್ಟಿಡುತ್ತಿದ್ದೆ. ಅಷ್ಟರಲ್ಲಿ ಪಂದ್ಯದವರೊಬ್ಬರು ಬಂದು, “ನಿಲುಗಡೆ ಚೀಟಿಗೆ ಒಂದು ಸಹಿ ಮಾಡಿಬಿಡಿ ಸರ್” ಎಂದರು. ಎದ್ದು ಸಹಿ ಮಾಡಿದೆ. ಚೀಟಿಯ ಅಂಚಿಗೆ ನನ್ನ ಹಳದಿ ಹೆಬ್ಬೆಟ್ಟೂ ಬಿತ್ತು. ತಿರುಗಿ ಬಂದು ಜಾಕು ಇಳಿಸಿ, ಡಬ್ಬಿಯ ಮುಚ್ಚಳ ಹಾಕಿದೆ.

ಈರಣ್ಣ ಕಾಲು ಚಾಚಿ ನೆಲದ ಮೇಲೆ ಕೂತಿದ್ದ. ತೊಡೆಯ ಮೇಲೆ ಪಾನಾ ಇತ್ತು. ಚಕ್ರದ ಹತ್ತಿರ ಸರಿದು ನೋಡಿದ.

“ಮೇಸ್ತ್ರಿ. ಒಂದಕ್ಕ ಬೊಟ್ಟಿಲ್ಲ.”

ನೋಡಿದೆ. ಮೂರು ಹಳದಿ, ಒಂದು ಬರೀ ಕಬ್ಬಿಣ. ಟಕ್ ಎಂಬ ಸದ್ದು ಎಷ್ಟು ಸಲ ಕೇಳಿದ್ದೆ? ನಾಲ್ಕೇ? ಮೂರೇ? ಕಣ್ಣು ಮುಚ್ಚಿ ಮೊಣಕೈಯನ್ನು ಕೇಳಿದೆ. ನಾಲ್ಕು ಎಂದಿತು.

“ಬಿಗಿ ಐತೇನು?” ಈರಣ್ಣ ಕೇಳಿದ.

“ಐತಿ.”

“ಬೊಟ್ಟು?”

“ಅದನ್ನ ಮರ್ತೀನಿ.”

ಅವನು ತಲೆಯೆತ್ತಿ ನನ್ನ ಮುಖ ನೋಡಿದ. ಹದಿನಾರು ವರ್ಷ ಅವನು ನೋಡಿದ್ದು ನಾನು ಬಿಗಿಮಾಡಿದ ನಟ್ಟುಗಳನ್ನು, ನನ್ನ ಮುಖವನ್ನಲ್ಲ. ಮುಖದಲ್ಲಿ ಏನು ಕಂಡನೋ, ಪಾನಾವನ್ನು ಮೆಲ್ಲಗೆ ನೆಲಕ್ಕೆ ಇಟ್ಟ. ಕಾರಿನ ಬಾಗಿಲು ಹಿಡಿದು ಎದ್ದು ನಿಂತ.

ಈ ಸಲ ನನ್ನ ಬಾಯಿ ಸುಮ್ಮನಿರಲಿಲ್ಲ. “ಈರಣ್ಣಾ, ನಿಲ್ಲು. ಒಂದ್ಸಲ ಪಾನಾ ಹಾಕಿ ನೋಡಪ್ಪಾ. ನಿನ್ನ ಮಗಳು ಅದಾಳ ಒಳಗ.”

“ಬಿಗಿ ಐತಿ ಅಂದಿ ಅಲ್ಲೇನ್ಲೇ?”

“ಅಂದೀನಿ.”

“ಹಂಗಾರ ಐತಿ.” ಕಾರಿನ ತಲೆ ಮೇಲೆ ಎರಡು ಸಲ ಬಡಿದ, ಬಸ್ಸಿಗೆ ಬಡಿಯುವಂತೆ. “ನಡಿ ತಾಯಿ.”

ಹೊಸಬರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಈರಣ್ಣ ಮಾಡಿದ್ದು ತಪ್ಪು. ಬೊಟ್ಟಿಲ್ಲದ ನಟ್ಟು ಕಂಡರೆ ಪಾನಾ ಹಾಕಿ ನೋಡಿ, ಹಾಕಿದವನು ದೇವರೇ ಆಗಿರಲಿ. ಅವನ ಸ್ಥಾನದಲ್ಲಿ ನಾನಿದ್ದರೆ ನನ್ನನ್ನು ಖಂಡಿತ ನಂಬುತ್ತಿರಲಿಲ್ಲ. ಆ ಐವತ್ತು ನಿಮಿಷವೂ ನಾನು ನನ್ನನ್ನು ನಂಬಲಿಲ್ಲ. ಕಾರು ಎದುರು ಬಂದಾಗಲೆಲ್ಲ ಹಿಂದಿನ ಎಡಚಕ್ರವನ್ನೇ ನೋಡಿದೆ. ಅದು ಅಲುಗಾಡಿದಂತೆ ಪ್ರತಿ ಸಲವೂ ಕಂಡಿತು. ಧೂಳಿನಲ್ಲಿ ಮರೆಯಾದಾಗ ಕಾಲುವೆ ಸೇತುವೆ ಕಂಡಿತು. ಈರಣ್ಣ ಮಾತ್ರ ನೆಲದ ಮೇಲೆ ಕೂತು, ತಣ್ಣಗಾಗಿದ್ದ ಬಜ್ಜಿಯನ್ನು ಸಾವಕಾಶವಾಗಿ ತಿನ್ನುತ್ತಿದ್ದ. ನನ್ನ ಕಡೆಗೂ ಒಂದು ಚಾಚಿದ. ತಿನ್ನಲಾಗಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಿಂತಿದ್ದೆ.

ಒಂದು ಗಂಟೆಗೆ ಬಾವುಟ ಬಿತ್ತು. ಹತ್ತೊಂಬತ್ತರಲ್ಲಿ ಹನ್ನೊಂದು ಕಾರು ಉಳಿದಿದ್ದವು, ನಮ್ಮದು ಒಂಬತ್ತನೆಯದು. ಪಾರ್ವತಿ ಕಾರು ತಂದು ನಿಲ್ಲಿಸಿ, ಕೆಂಪು ಮುಖದಲ್ಲಿ ಇಳಿದು, ಅಪ್ಪನನ್ನು ತಬ್ಬಿಕೊಂಡಳು. “ಮುಟ್ತಲ್ಲವ್ವಾ,” ಎಂದ ಈರಣ್ಣ. ಅಷ್ಟೇ ಹೇಳಿ ಮುಖ ಆ ಕಡೆ ತಿರುಗಿಸಿದ.

ಆ ಹೊತ್ತಿಗೆ ನಾನು ರೆಂಚ್ ಹಿಡಿದು ಚಕ್ರದ ಪಕ್ಕ ಮಂಡಿಯೂರಿದ್ದೆ. ಬೊಟ್ಟಿಲ್ಲದ ನಟ್ಟಿಗೆ ಹಾಕಿ ಎಳೆದೆ. ಒಂದು ಕೂದಲಿನಷ್ಟೂ ತಿರುಗಲಿಲ್ಲ.

ಟಕ್.

ಜೇಬಿನ ಪಟ್ಟಿ ಇನ್ನೂ ನನ್ನಲ್ಲಿದೆ. ರೇಡಿಯೇಟರ್ ಒಡೆಯಲಿಲ್ಲ, ಕುರಿ ಬರಲಿಲ್ಲ, ಪಾರ್ವತಿ ಸೀನಲಿಲ್ಲ. ಕಾರು ಈಗ ಕುರುಗೋಡಿನಲ್ಲಿ ಈರಣ್ಣನ ಮನೆಯ ಮುಂದೆ ನಿಂತಿದೆ. ಹೋದಾಗಲೆಲ್ಲ ಡಬ್ಬಿ ಒಯ್ಯುತ್ತೇನೆ, ಹಿಂದಿನ ಎಡಚಕ್ರದ ಬಳಿ ಕೂರುತ್ತೇನೆ. ಈರಣ್ಣ ಜಗುಲಿಯಿಂದಲೇ ಗದರಿಸುತ್ತಾನೆ: “ಲೇ, ಕೈ ಹಚ್ಚೀಯಾ ಅದಕ್ಕ! ಇರ್ಲಿ ಹಂಗ.” ಆ ದಿನ ಕೆಟ್ಟದ್ದು ಅದೊಂದೇ. ಹದಿನಾರು ನಟ್ಟುಗಳಲ್ಲಿ ಒಂದಕ್ಕೆ ಬೊಟ್ಟಿಡುವುದನ್ನು ಮರೆತಿದ್ದೆ.